ನಡುಮನೆಯಲ್ಲಿ ನಿಂತ ಬಸ್ಸು

ಹೋದ ತಿಂಗಳು ಹದಿನಾಲ್ಕನೇ ತಾರೀಖು, ಮಂಗಳವಾರ, ಸಂಜೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ, ಬೈಂಡರ್ ಪೂರ್ತಿ ದುಡ್ಡು ಕೊಟ್ಟು ಕೊಂಡಿದ್ದ ಬಸ್ಸನ್ನು ಅವನ ನಡುಮನೆಯಲ್ಲೇ ಅವನಿಂದ ಕಿತ್ತುಕೊಳ್ಳಲಾಯಿತು. ಆಗ ಬಸ್ಸಿನಲ್ಲಿ ಹದಿನೇಳು ಮಂದಿ ಪ್ರಯಾಣಿಕರಿದ್ದರು. ಅವರಲ್ಲದೆ ಬೈಂಡರನ ತಾಯಿ ಇದ್ದಳು.

ಬಸ್ಸು ಅಂದರೆ ಆಟದ ಬಸ್ಸು. ಟಿವಿಗೆ ಸಿಕ್ಕಿಸುವ ಒಂದು ಗೇಮ್ ಪೆಟ್ಟಿಗೆ, ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿಯುವ ಒಂದು ಸ್ಟೇರಿಂಗು, ಕಾಲ ಕೆಳಗೆ ಎರಡು ಪೆಡಲು, ಮತ್ತು ಒಂದು ಡಿಸ್ಕು. ಡಿಸ್ಕಿನ ಡಬ್ಬಿಯ ಮೇಲೆ ನೀಲಿ ಬಸ್ಸಿನ ಚಿತ್ರ. ಅದರ ಕೆಳಗೆ ‘ಇಂದೇ ಕೊಳ್ಳಿ, ನಿಮ್ಮದಾಗಿಸಿಕೊಳ್ಳಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಬೈಂಡರ್ ಅಚ್ಚಾದದ್ದನ್ನು ನಂಬುವ ಮನುಷ್ಯ. ಅಚ್ಚಾದ ಹಾಳೆಗಳನ್ನು ಮಡಚಿ, ಹೊಲಿದು, ಗೋಂದು ಹಚ್ಚಿ, ರಟ್ಟು ಹಾಕಿ ಕೊಡುವುದು ಮೂವತ್ತು ವರ್ಷದಿಂದ ಅವನ ಕಸುಬು. ಆದ್ದರಿಂದ ಅಂದೇ ಕೊಂಡ. ತನ್ನದಾಯಿತು ಅಂದುಕೊಂಡ.

ಅವನಿಗೆ ಆಟದ ಹುಚ್ಚೇನೂ ಇರಲಿಲ್ಲ. ತಂದದ್ದು ತಾಯಿಗೆ. ಆಕೆಗೆ ಎಪ್ಪತ್ತೊಂಬತ್ತು. ಬಿಸ್ಕತ್ತು ಫ್ಯಾಕ್ಟರಿಯ ಪ್ಯಾಕಿಂಗ್ ಕೆಲಸಕ್ಕೆ ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತೇ ಓಡಾಡಿದವಳು. ಈಗ ಮಂಡಿ ಸವೆದು, ಮೂರನೇ ಮಹಡಿಯಿಂದ ಕೆಳಗಿಳಿದು ನಾಲ್ಕು ವರ್ಷವಾಗಿತ್ತು. ಕಟ್ಟಡಕ್ಕೆ ಲಿಫ್ಟಿಲ್ಲ. ಲಿಫ್ಟಿಗೆಂದು ಬಿಟ್ಟ ಬಾವಿಯಂಥ ಜಾಗವಿದೆ, ಅದರಲ್ಲಿ ಎಲ್ಲ ಮನೆಯವರ ಒಡೆದ ಬಕೆಟ್ಟುಗಳಿವೆ. ಅಜ್ಜಿಯ ಕಿಟಕಿಯಿಂದ ಕಾಣುವುದು ಪಕ್ಕದ ಕಟ್ಟಡದ ಗೋಡೆ, ಗೋಡೆಯ ಮೇಲೊಂದು ಪೈಪು. “ಆ ಪೈಪು ನನಗೆ ಬಾಯಿಪಾಠ ಆಗಿಹೋಗಿದೆ ಕಣೋ” ಎಂದು ಒಂದು ದಿನ ಅಂದಳು. ಮುಂದಿನ ವಾರ ಮಗ ಬಸ್ಸು ತಂದ.

ಅಂದಿನಿಂದ ದಿನಾ ಸಂಜೆ ಆರಕ್ಕೆ ಅಜ್ಜಿ ಮುಖ ತೊಳೆದು, ತಲೆ ಬಾಚಿ, ಶಾಲು ಹೊದ್ದು, ಟಿವಿಯ ಎದುರು ಎಡಗಡೆಯ ಕುರ್ಚಿಯಲ್ಲಿ ಕೂರುವಳು. ಅದು ಕಿಟಕಿ ಸೀಟು ಎಂದು ತೀರ್ಮಾನವಾಗಿತ್ತು. ಬಸ್ಸು ಪೇಟೆ ದಾಟಿ, ಕಬ್ಬಿಣದ ಸೇತುವೆ ಹತ್ತಿ, ಸಮುದ್ರದ ಪಕ್ಕದ ರಸ್ತೆಗೆ ಬೀಳುತ್ತಿತ್ತು. ಏಳು ಗಂಟೆಗೆ ವಾಪಸ್ಸು. ಅಜ್ಜಿಗೆ ಅರುಳುಮರುಳೇನೂ ಇಲ್ಲ. “ಆಟ ಅಂತ ನಂಗೂ ಗೊತ್ತು. ಆದ್ರೆ ಸಮುದ್ರ ಕಾಣುತ್ತೋ ಇಲ್ವೋ? ಮತ್ತೆ? ನಡಿ” ಅನ್ನುವಳು.

ಇನ್ನು ಬೈಂಡರನ ಚಾಲನೆಯ ಬಗ್ಗೆ ಹೇಳಬೇಕೆಂದರೆ, ಆತನಿಗೆ ಜೀವಮಾನದಲ್ಲಿ ಸೈಕಲ್ಲು ಬಂದಿರಲಿಲ್ಲ. ಬಸ್ಸು ಓಡಿಸುವಾಗ ಎಡಕ್ಕೆ ತಿರುಗಬೇಕಾದರೆ ಪೂರ್ತಿ ದೇಹವನ್ನು ಎಡಕ್ಕೆ ವಾಲಿಸುತ್ತಿದ್ದ. ಸಣ್ಣ ಜಂಬವೊಂದು ಮಾತ್ರ ಅವನಿಗೆ ಅಂಟಿಕೊಂಡಿತ್ತು. ಅಂಗಡಿಯಲ್ಲಿ ಯಾರಾದರೂ “ಸಂಜೆ ಏನು ಮಾಡ್ತೀರಿ?” ಎಂದು ಕೇಳಿದರೆ, ಗೋಂದಿನ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸುತ್ತಾ, “ಬಸ್ಸು ಓಡಿಸ್ತೀನಿ” ಅಂದುಬಿಡುತ್ತಿದ್ದ. ಅಷ್ಟೇ. ಮುಂದಕ್ಕೆ ಹೇಳುತ್ತಿರಲಿಲ್ಲ.

ಆ ಮಂಗಳವಾರ ಬೀದಿಯಲ್ಲಿ ಚರಂಡಿ ಅಗೆಯುವವರ ಹಾರೆಗೆ ಇಂಟರ್ನೆಟ್ ಕೇಬಲ್ ಸಿಕ್ಕಿ ಎರಡು ತುಂಡಾಯಿತು. ಡಿಸ್ಕು ಮನೆಯಲ್ಲಿದೆ, ಪೆಟ್ಟಿಗೆ ಮನೆಯಲ್ಲಿದೆ, ಕರೆಂಟಿದೆ, ಆಡುವವನು ಒಬ್ಬನೇ. ಬೀದಿಯ ಕೇಬಲ್ಲಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಸಂಬಂಧ ಇಷ್ಟೇ: ಬಸ್ಸು ಮಾಡಿದ ಕಂಪನಿಗೆ, ಅದನ್ನು ಕೊಂಡವನು ಕಳ್ಳನಿರಬಹುದೆಂಬ ಗುಮಾನಿ. ಆದ್ದರಿಂದ ಬಸ್ಸು ಹತ್ತು ನಿಮಿಷಕ್ಕೊಮ್ಮೆ ಎಲ್ಲೋ ಇರುವ ಕಂಪನಿಯನ್ನು ಕೇಳುತ್ತದೆ: ಇವನು ಕಳ್ಳನೋ? ಅಲ್ಲ ಎಂದು ಉತ್ತರ ಬಂದರೆ ಮುಂದಕ್ಕೆ ಹೋಗುತ್ತದೆ. ಉತ್ತರವೇ ಬರದಿದ್ದರೆ ಕಳ್ಳನೆಂದೇ ಲೆಕ್ಕ. ನಿಜವಾದ ಕಳ್ಳರು ಈ ಪ್ರಶ್ನೆಯನ್ನೇ ಕಿತ್ತುಹಾಕಿದ ಬಸ್ಸನ್ನು ಓಡಿಸುತ್ತಾರಂತೆ, ಅವರಿಗೆ ಈ ತಾಪತ್ರಯವಿಲ್ಲ. ದುಡ್ಡು ಕೊಟ್ಟವನಿಗೆ ಮಾತ್ರ ಹತ್ತು ನಿಮಿಷಕ್ಕೊಂದು ಅಗ್ನಿಪರೀಕ್ಷೆ.

ಇದೊಂದೂ ಬೈಂಡರನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಾದದ್ದು ಪರದೆಯ ಮೇಲೆ ಮೂಡಿದ್ದು ಮಾತ್ರ. ಅದು ಕನ್ನಡದಲ್ಲೇ ಇತ್ತು, ಮನುಷ್ಯರ ಕೈ ತಾಗದೆ ತಯಾರಾದ ಕನ್ನಡ:

‘ಈ ಬಸ್ ಚಲಾಯಿಸಲು ನಿಮ್ಮ ಬಳಿ ಮಾನ್ಯವಾದ ಲೈಸೆನ್ಸ್ ಇಲ್ಲ. ಚಾಲನೆಯನ್ನು ನಿಲ್ಲಿಸಲಾಗಿದೆ.’

ಬೈಂಡರ್ ಎರಡೂ ಕೈಯನ್ನು ಸ್ಟೇರಿಂಗಿನಿಂದ ಮೇಲಕ್ಕೆತ್ತಿದ. ಏಕೆಂದರೆ ಬರೆದದ್ದು ಅಕ್ಷರಶಃ ನಿಜ. ಅವನ ಬಳಿ ಲೈಸೆನ್ಸ್ ಇರಲಿಲ್ಲ.

“ಯಾಕೋ ನಿಲ್ಲಿಸ್ದೆ? ಇನ್ನೂ ಸೇತುವೇನೇ ಬಂದಿಲ್ಲ” ಅಂದಳು ಅಜ್ಜಿ.

“ಅಮ್ಮಾ, ಮೆಲ್ಲಗೆ. ಲೈಸೆನ್ಸ್ ಕೇಳ್ತಿದಾರೆ.”

“ಯಾರೋ?”

“ಗೊತ್ತಿಲ್ಲ. ನೋಡಿಬಿಟ್ಟಿದಾರೆ.”

ಹೊಲಿಗೆ ಯಂತ್ರದ ಮುಂದೆ ಯಾರದೋ ಪ್ಯಾಂಟಿನ ಅಂಚು ಮಡಚುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. “ಟಿವಿಗ್ಯಾಕ್ರೀ ನಿಮ್ಮ ಲೈಸೆನ್ಸು? ಆರಿಸಿ ಹಾಕಿ, ಸರಿಹೋಗುತ್ತೆ.”

ಆರಿಸಿ ಹಾಕಿದ. ಪೆಟ್ಟಿಗೆಯನ್ನು ತಟ್ಟಿದ. ಸ್ಟೇರಿಂಗಿನ ಸಂದಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಎರಡು ತೊಟ್ಟು ಬಿಟ್ಟ. ಲೈಸೆನ್ಸ್ ಮಾತ್ರ ಹುಟ್ಟಲಿಲ್ಲ. ಕೊನೆಗೆ ಕಿಟಕಿಯ ಪರದೆ ಎಳೆದು, ಮುಂಬಾಗಿಲ ಚಿಲಕ ಹಾಕಿ ಕೂತ.

ಮಾರನೇ ಬೆಳಿಗ್ಗೆ ಮೆಟ್ಟಿಲ ಮೇಲೆ ಎದುರುಮನೆಯ ಡ್ರೈವರ್ ಸಿಕ್ಕಿದ. ಈತ ನಿಜವಾದ ಡ್ರೈವರ್. ಇಪ್ಪತ್ತಾರು ವರ್ಷ ಊರಿನ ಬಸ್ಸು ಓಡಿಸಿ, ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡು ಓಡಾಡುವವನು. ಅವನಿಗೊಂದು ಹಳೇ ಉರಿ ಇತ್ತು. ಒಂದು ಸಲ ಅಜ್ಜಿ ಬಾಗಿಲಲ್ಲಿ ನಿಂತು, “ನೀವು ಬ್ರೇಕ್ ಹಾಕಿದ್ರೆ ಜನ ಒಬ್ರ ಮೇಲೊಬ್ರು ಬೀಳ್ತಾರಂತೆ. ನಮ್ಮವನದು ಹಾಗಲ್ಲಪ್ಪ, ಬಲೇ ನಯ” ಎಂದು ಹೇಳಿದ್ದಳು.

“ಏನ್ ಬೈಂಡ್ರೇ, ನಿನ್ನೆ ಸಂಜೆ ಹಾರ್ನೇ ಕೇಳಿಸ್ಲಿಲ್ಲ? ಗಾಡಿ ಡಿಪೋಗೆ ಹೋಯ್ತಾ?”

ಬೈಂಡರ್ ಮೇಲೆ ಕೆಳಗೆ ನೋಡಿ ಪಿಸುಗುಟ್ಟಿದ: “ಹಿಡಿದುಬಿಟ್ರು ಸಾರ್. ಲೈಸೆನ್ಸ್ ಇಲ್ಲ ಅಂತ ಬರೆದೇ ಹಾಕಿದಾರೆ.”

ಡ್ರೈವರನಿಗೆ ಎರಡು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಅವನು ಮುಖದ ಒಂದು ನರವನ್ನೂ ಅಲುಗಿಸಲಿಲ್ಲ. ಇಪ್ಪತ್ತಾರು ವರ್ಷ ಚಿಲ್ಲರೆ ಜಗಳಗಳು ಕೇಳಿಸದಂತೆ ಕೂತ ಮುಖ ಅದು.

“ಎಷ್ಟು ಜನ ಇದ್ರು ಗಾಡೀಲಿ?”

“ಅಮ್ಮನ ಸೇರಿಸಿ ಹದಿನೆಂಟು.”

“ಹೆವಿ ವೆಹಿಕಲ್ಲು. ಪಬ್ಲಿಕ್ಕು. ಹದಿನೆಂಟು ಜೀವ.” ಡ್ರೈವರ್ ತಲೆ ಅಲ್ಲಾಡಿಸಿದ. “ಒಳಗೆ ಹಾಕೋ ಕೇಸು ಬೈಂಡ್ರೇ ಇದು. ಅವರಾಗಿ ಬರೋಕೆ ಮುಂಚೆ ನೀವೇ ಲೈಸೆನ್ಸ್ ಆಫೀಸಿಗೆ ಹೋಗಿ ತಪ್ಪೊಪ್ಪಿಕೊಂಡುಬಿಡಿ. ವಯಸ್ಸು ನೋಡಿ ಬಿಟ್ರೂ ಬಿಡಬಹುದು.”

ಇಷ್ಟು ಹೇಳಿ ಇಳಿದುಹೋದವನು ಮೊದಲನೇ ಮಹಡಿಯ ತಿರುವಿನಲ್ಲಿ ಗೋಡೆ ಹಿಡಿದು ನಕ್ಕ. ಮೇಲಿದ್ದ ಬೈಂಡರನಿಗೆ ಅದು ಕೆಮ್ಮಿನ ಹಾಗೆ ಕೇಳಿಸಿತು. ಪಾಪ, ಹೊಗೆ ಕುಡಿದೂ ಕುಡಿದೂ, ಅಂದುಕೊಂಡ.

ಸುದ್ದಿ ಆ ಕಟ್ಟಡದಲ್ಲಿ ಮೆಟ್ಟಿಲಿಳಿಯುವಾಗ ದಪ್ಪವಾಗುತ್ತದೆ. ಮೂರನೇ ಮಹಡಿಯಲ್ಲಿ ಅದು ‘ಬೈಂಡರನ ಬಸ್ಸು ನಿಂತಿದೆಯಂತೆ’ ಎಂದಿತ್ತು. ಎರಡನೆಯದರಲ್ಲಿ ‘ಬೈಂಡರ್ ಲೈಸೆನ್ಸ್ ಇಲ್ಲದೆ ಬಸ್ಸು ಓಡಿಸಿ ಸಿಕ್ಕಿಬಿದ್ದನಂತೆ’ ಎಂದಾಯಿತು. ಮೊದಲನೆಯದಕ್ಕೆ ಬಂದಾಗ ಸೇತುವೆಯ ಹತ್ತಿರ ಅಪಘಾತವಾಗಿತ್ತು. ಬೀದಿಗಿಳಿದ ಮೇಲೆ ಹದಿನೇಳು ಜನ ಹೋಗಿದ್ದರು. ತಾಯಿ ಮಾತ್ರ ಉಳಿದದ್ದು ಪುಣ್ಯ.

ಬೈಂಡಿಂಗ್ ಅಂಗಡಿಯ ಯಜಮಾನ ಬೀದಿಯ ಆವೃತ್ತಿಯನ್ನೇ ಕೇಳಿಕೊಂಡು ಬಂದಿದ್ದ. ಬೈಂಡರ್ ಕಟಿಂಗ್ ಯಂತ್ರದ ಪಕ್ಕ ನಿಂತು ಅರ್ಧ ದಿನ ರಜ ಕೇಳಿದ.

“ಯಾಕೆ?”

“ಲೈಸೆನ್ಸ್ ಆಫೀಸಿಗೆ ಹೋಗ್ಬೇಕು ಸಾರ್. ಬಸ್ಸಿನ ವಿಷಯ.”

ಯಜಮಾನ ಕನ್ನಡಕ ತೆಗೆದ. “ಹಾಗಾದ್ರೆ ನಿಜವಾ? ನೀನು ತಮಾಷೆಗೆ ಹೇಳ್ತಿದ್ದೀಯ ಅಂದ್ಕೊಂಡಿದ್ದೆ. ಹಗಲು ಇಲ್ಲಿ, ಸಂಜೆ ಬಸ್ಸು? ಅದಕ್ಕೇ ಹೋದ ವಾರ ರಟ್ಟು ತಲೆಕೆಳಗಾಗಿ ಅಂಟಿಸಿದ್ದು!”

“ಅದು ಬೇರೆ ಸಾರ್. ಅವತ್ತು ಕೈ ತಪ್ಪಿತು.”

“ಸೇತುವೆ ಹತ್ರಾನೂ ಕೈ ತಪ್ಪಿತಾ?”

ಬೈಂಡರ್ ಸುಳ್ಳು ಹೇಳುವವನಲ್ಲ. ಸೇತುವೆಯ ಹತ್ತಿರ ಹಿಂದೆ ಅವನ ಕೈ ತಪ್ಪಿದ್ದು ಹೌದು. “ಒಂದೇ ಸಲ ಸಾರ್” ಅಂದ. ಯಜಮಾನ ಅರ್ಧ ದಿನವಲ್ಲ, ಒಂದು ವಾರ ರಜ ಕೊಟ್ಟು, ಅಂಗಡಿಯ ಹೆಸರನ್ನು ಯಾರಿಗೂ ಹೇಳಬೇಡವೆಂದು ಕೈ ಮುಗಿದ.

ಲೈಸೆನ್ಸ್ ಆಫೀಸಿನ ಮೋಟಾರು ವಾಹನ ಇನ್‌ಸ್ಪೆಕ್ಟರಿಗೆ ಬೈಂಡರನ ಕೆಲಸದ ಪರಿಚಯವಿತ್ತು. ಅವರ ಬೆನ್ನ ಹಿಂದಿನ ಕಪಾಟಿನ ರಿಜಿಸ್ಟರುಗಳೆಲ್ಲ ಇವನೇ ಹೊಲಿದದ್ದು. ಹಾಗಾಗಿ ಕೂರಿಸಿದರು. ಕೂರಿಸಿದ್ದು ತಪ್ಪಾಯಿತೆಂದು ಅವರಿಗೆ ಆಮೇಲೆ ಅನ್ನಿಸಿರಬಹುದು.

“ಏನು ವಿಷಯ?”

“ತಪ್ಪೊಪ್ಪಿಕೊಳ್ಳೋಕೆ ಬಂದೆ ಸಾರ್. ಎರಡು ವರ್ಷದಿಂದ ಲೈಸೆನ್ಸ್ ಇಲ್ಲದೆ ಬಸ್ಸು ಓಡಿಸ್ತಿದ್ದೆ.”

ಇನ್‌ಸ್ಪೆಕ್ಟರ್ ಪೆನ್ನಿನ ಟೊಪ್ಪಿ ತೆಗೆದರು. “ಯಾರ ಬಸ್ಸು?”

“ನಂದೇ ಸಾರ್. ಕೊಂಡಿದ್ದು. ರಸೀತಿ ಇದೆ.”

“ಈಗ ಎಲ್ಲಿದೆ?”

“ನಡುಮನೆಯಲ್ಲಿ.”

“ಮನೆ ಎಷ್ಟನೇ ಮಹಡಿ?”

“ಮೂರು ಸಾರ್.”

ಇನ್‌ಸ್ಪೆಕ್ಟರ್ ಬರೆಯುವುದನ್ನು ನಿಲ್ಲಿಸಿ, ಬರೆದದ್ದನ್ನು ಓದಿಕೊಂಡರು. “ಮೂರನೇ ಮಹಡಿಗೆ ಬಸ್ಸು ಹೇಗೆ ಹತ್ತಿಸಿದ್ರಿ?”

“ಚೀಲದಲ್ಲಿ ಹಾಕ್ಕೊಂಡು ಹೋದೆ.”

“ಬಿಡಿಭಾಗ ಬಿಡಿಭಾಗ ಮಾಡಿ?”

“ಅಲ್ಲ ಸಾರ್, ಒಂದೇ ಡಿಸ್ಕು.”

“ಡಿಸ್ಕ್ ಬ್ರೇಕಾ?” ಅಂದರು ಇನ್‌ಸ್ಪೆಕ್ಟರ್, ಕೊನೆಗೂ ತಮಗೆ ಗೊತ್ತಿರುವ ಒಂದು ಪದ ಸಿಕ್ಕ ಸಂತೋಷದಲ್ಲಿ.

“ಬ್ರೇಕ್ ಸ್ವಲ್ಪ ಕಮ್ಮಿ ಸಾರ್. ಎಡಗಡೆ ಪೆಡಲು ಒತ್ತಿದ್ರೆ ನಿಲ್ಲುತ್ತೆ, ಆದ್ರೆ ಮೇಜೂ ಮುಂದಕ್ಕೆ ಬರುತ್ತೆ.”

“ಅಪಘಾತ ಏನಾದ್ರೂ?”

“ಮೂರು. ಎರಡು ಸಣ್ಣವು, ಕಂಬಕ್ಕೆ. ಇನ್ನೊಂದು ಸೇತುವೆ ಮೇಲಿಂದ ಕೆಳಕ್ಕೆ.”

“ಸಾವುನೋವು?”

“ಏನೂ ಇಲ್ಲ ಸಾರ್. ಎಲ್ರೂ ಮತ್ತೆ ಮೊದಲನೇ ಸ್ಟಾಪಿನಲ್ಲಿ ನಿಂತಿದ್ರು.”

ಕಚೇರಿಯ ಬಗ್ಗೆ ಜನ ಏನೇ ಮಾತಾಡಲಿ, ಕಚೇರಿಗೆ ಒಂದು ಗುಣವಿದೆ. ಅರ್ಥವಾಗದ ಸಂಗತಿಯನ್ನು ಅದು ಅಲ್ಲಗಳೆಯುವುದಿಲ್ಲ, ಸ್ಥಳ ಪರಿಶೀಲನೆಗೆ ಇಡುತ್ತದೆ. ಇನ್‌ಸ್ಪೆಕ್ಟರ್ ಸೋಮವಾರದ ದಿನ ಗೊತ್ತುಮಾಡಿ, “ನಾನು ಬರೋವರೆಗೂ ವಾಹನವನ್ನ ಯಾರೂ ಮುಟ್ಟಕೂಡದು” ಎಂದು ಅಪ್ಪಣೆ ಮಾಡಿದರು. ಬೈಂಡರ್ ಮನೆಗೆ ಬಂದು ಸ್ಟೇರಿಂಗಿನ ಸುತ್ತ ಬೈಂಡಿಂಗ್ ದಾರ ಸುತ್ತಿ ಗಂಟು ಹಾಕಿದ.

ಶನಿವಾರ ಕೇಬಲ್ ಸರಿಹೋಯಿತು. ಬೀದಿಯವರೆಲ್ಲರ ಫೋನುಗಳು ಒಟ್ಟಿಗೆ ಕಿಣಿಕಿಣಿ ಅಂದವು. ಆದರೆ ಅಪ್ಪಣೆ ಅಪ್ಪಣೆಯೇ. ಬೈಂಡರ್ ದಾರ ಬಿಚ್ಚಲಿಲ್ಲ. ಅಜ್ಜಿ ಐದು ದಿನವೂ ಆರು ಗಂಟೆಗೆ ಮುಖ ತೊಳೆದು ಶಾಲು ಹೊದ್ದು ಬಂದು ಕೂತಳು. ಟಿವಿ ಕಪ್ಪಗಿತ್ತು. ಅದರ ಗಾಜಿನಲ್ಲಿ ಅವಳದೇ ಮುಖ ಕಾಣುತ್ತಿತ್ತು. ಅರ್ಧ ಗಂಟೆ ನೋಡಿ, ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು ಪೈಪು ನೋಡುವಳು.

“ಇನ್ನೆಷ್ಟು ದಿನಾನೋ?” ಎಂದು ಭಾನುವಾರ ಕೇಳಿದಳು.

“ನಾಳೆ ಸಾಹೇಬ್ರು ಬರ್ತಾರಮ್ಮ.”

“ಸಾಹೇಬ್ರಿಗೂ ಸಮುದ್ರ ನೋಡ್ಬೇಕಂತಾ?”

ಸೋಮವಾರ ಸಂಜೆ ಇನ್‌ಸ್ಪೆಕ್ಟರ್ ಬಂದರು. ಕೈಯಲ್ಲಿ ಅಳತೆ ಟೇಪು, ಕಂಕುಳಲ್ಲಿ ಫೈಲು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ ಅವರ ಹಿಂದೆ ಒಂದೊಂದು ಮಹಡಿಯಿಂದಲೂ ಜನ ಸೇರಿಕೊಂಡು, ಬಾಗಿಲಿನಿಂದ ಮೆಟ್ಟಿಲವರೆಗೆ ಸಾಲು ನಿಂತಿತ್ತು. ಎಲ್ಲರಿಗಿಂತ ಮುಂದೆ ಎದುರುಮನೆಯ ಡ್ರೈವರ್.

“ಎಲ್ಲಿ ಬಸ್ಸು?”

“ಇಲ್ಲೇ ಸಾರ್.”

ಇನ್‌ಸ್ಪೆಕ್ಟರ್ ಕೋಣೆ ನೋಡಿದರು. ಟಿವಿ, ಹೊಲಿಗೆ ಯಂತ್ರ, ಎರಡು ಕುರ್ಚಿ, ಶಾಲು ಹೊದ್ದ ಅಜ್ಜಿ. ಮತ್ತೆ ಒಂದು ಸುತ್ತು ನೋಡಿದರು.

“ಬೈಂಡ್ರೇ. ಇದು ಟಿವಿ.”

“ಹೌದು ಸಾರ್. ಬಸ್ಸು ಒಳಗಿದೆ.”

ಬಾಗಿಲಲ್ಲಿದ್ದ ಡ್ರೈವರನಿಗೆ ಆ ಇಪ್ಪತ್ತಾರು ವರ್ಷದ ಮುಖವನ್ನು ಇನ್ನು ಹಿಡಿದಿಡಲಾಗಲಿಲ್ಲ. ಬುಸ್ ಎಂದು ಒಡೆದುಕೊಂಡಿತು. ಅವನ ಹಿಂದೆ ಮೆಟ್ಟಿಲುದ್ದಕ್ಕೂ ನಗು ಇಳಿಯುತ್ತಾ ಹೋಗಿ ಬೀದಿ ತಲುಪಿತು. ಇನ್‌ಸ್ಪೆಕ್ಟರ ಕಿವಿ ಕೆಂಪಾಯಿತು. ಬೈಂಡರ್ ಮಾತ್ರ ಯಾರು ಯಾಕೆ ನಗುತ್ತಿದ್ದಾರೆಂದು ತಿಳಿಯದೆ, ಸೌಜನ್ಯಕ್ಕೆ ತಾನೂ ಸ್ವಲ್ಪ ನಕ್ಕ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು. ಆದರೆ ಇನ್‌ಸ್ಪೆಕ್ಟರ್ ಕಚೇರಿ ಬಿಡುವಾಗ ಚಲನವಲನ ಪುಸ್ತಕದಲ್ಲಿ ‘ಬಸ್ಸು ಪರಿಶೀಲನೆಗೆ’ ಎಂದು ಬರೆದು ಸಹಿ ಮಾಡಿ ಬಂದಿದ್ದರು. ಬರೆದ ಮೇಲೆ ಪರಿಶೀಲಿಸದೆ ವಾಪಸ್ಸು ಹೋಗುವ ಹಾಗಿಲ್ಲ. ಅವರು ಅಳತೆ ಟೇಪನ್ನು ಜೇಬಿಗಿಟ್ಟು, ಕನ್ನಡಕ ಹಾಕಿ, ಖಾಲಿ ಇದ್ದ ಕುರ್ಚಿಯಲ್ಲಿ ಕೂತರು.

“ಹಾಕಿ ಟಿವಿ. ದಾಖಲೆ ನೋಡೋಣ.”

ದಾರ ಬಿಚ್ಚಿ ಟಿವಿ ಹಾಕಿದಾಗ ಹಳೆಯ ಮಾತು ಹೋಗಿ ಹೊಸದು ಬಂದಿತ್ತು: ‘ನಿಮ್ಮ ಲೈಸೆನ್ಸಿನ ಷರತ್ತುಗಳು ಬದಲಾಗಿವೆ. ಒಪ್ಪಿದ ನಂತರ ಚಾಲನೆ ಮುಂದುವರಿಯುವುದು.’ ಅದರಡಿ ಸಣ್ಣ ಅಕ್ಷರದಲ್ಲಿ ಷರತ್ತು. ಬಸ್ಸು ಕೊಂಡ ಲಕ್ಷಾಂತರ ಜನರಲ್ಲಿ ಯಾರೂ ಅದನ್ನು ಓದಿರಲಿಲ್ಲ. ಕಂಪನಿ ಅದನ್ನು ಬರೆಸಿದ್ದು ಯಾರೂ ಓದುವುದಿಲ್ಲ ಎಂಬ ಧೈರ್ಯದ ಮೇಲೆಯೇ. ಆದರೆ ಜೀವನವಿಡೀ ಸಣ್ಣ ಅಕ್ಷರವನ್ನೇ ಓದಿ ಸಂಬಳ ತಗೊಂಡ ಮನುಷ್ಯನೊಬ್ಬ ಎದುರಿಗೆ ಬಂದು ಕೂರುತ್ತಾನೆಂದು ಅದಕ್ಕೆ ತಿಳಿದಿರಲಿಲ್ಲ.

ಇನ್‌ಸ್ಪೆಕ್ಟರ್ ಗಟ್ಟಿಯಾಗಿ ಓದಿದರು. ಮೆಟ್ಟಿಲ ಮೇಲಿನವರು ಸುಮ್ಮನಾದರು.

“‘ಒಂದು. ಈ ದಾಖಲೆಯಲ್ಲಿ ಕೊಳ್ಳಿ ಎಂಬ ಪದಕ್ಕೆ ಕೊಳ್ಳುವುದು ಎಂಬ ಅರ್ಥವಿಲ್ಲ.’ ಏನ್ರೀ ಇದು?”

“ಡಬ್ಬಿ ಮೇಲೆ ಕೊಳ್ಳಿ ಅಂತಲೇ ಇದೆ ಸಾರ್” ಅಂದ ಬೈಂಡರ್, ಡಬ್ಬಿ ತೋರಿಸಿ.

“‘ಆರು. ಗ್ರಾಹಕ ಕಳ್ಳನಲ್ಲವೆಂದು ಹತ್ತು ನಿಮಿಷಕ್ಕೊಮ್ಮೆ ಇಂಟರ್ನೆಟ್ಟಿನಲ್ಲಿ ಪರೀಕ್ಷಿಸಲಾಗುವುದು, ಉತ್ತರ ಬರದಿದ್ದರೆ ಲೈಸೆನ್ಸ್ ರದ್ದು. ಏಳು. ಬಸ್ಸು ಕಂಪನಿಯ ಸ್ವತ್ತು. ಗ್ರಾಹಕನಿಗಿರುವುದು ಅದನ್ನು ಬಳಸುವ ಲೈಸೆನ್ಸ್ ಮಾತ್ರ. ಕಂಪನಿ ಅದನ್ನು ಯಾವಾಗ ಬೇಕಾದರೂ, ಕಾರಣ ತಿಳಿಸದೆ, ಮುನ್ಸೂಚನೆ ಕೊಡದೆ ರದ್ದುಪಡಿಸಬಹುದು.’” ಇನ್‌ಸ್ಪೆಕ್ಟರ್ ಕನ್ನಡಕ ತೆಗೆದರು. ಇಷ್ಟು ಹೊತ್ತೂ ಇಲ್ಲದ ಸಿಟ್ಟು ಈಗ ಬಂತು. “ಕಾರಣ ತಿಳಿಸದೆ! ನಾನು, ಸರ್ಕಾರ ನೇಮಿಸಿದ ಇನ್‌ಸ್ಪೆಕ್ಟರ್, ಕುಡಿದು ಗಾಡಿ ಓಡಿಸಿದವನ ಲೈಸೆನ್ಸ್ ರದ್ದು ಮಾಡಬೇಕಾದ್ರೂ ನೋಟೀಸ್ ಕೊಡಬೇಕು. ಅವನು ಉತ್ತರ ಕೊಡೋವರೆಗೆ ಕಾಯಬೇಕು. ಅವನು ಬಂದು ನನ್ನ ಮೇಜಿನ ಮುಂದೆ ನಿಂತು ನನ್ನನ್ನೇ ಬೈದ್ರೂ ಕೇಳಿ ಬರ್ಕೋಬೇಕು. ಇವರು ಹತ್ತು ನಿಮಿಷಕ್ಕೊಂದು ಸಲ ರದ್ದು ಮಾಡ್ತಾರಂತೆ! ಯಾರ್ರೀ ಕೊಟ್ಟಿದ್ದು ಇವರಿಗೆ ಈ ಅಧಿಕಾರ?”

“ನಾವೇ ಸಾರ್” ಎಂದು ಮೆಟ್ಟಿಲ ಮೇಲಿಂದ ಒಂದು ದನಿ ಬಂತು. “ಒಪ್ಪಿಗೆ ಒತ್ತಿರ್ತೀವಲ್ಲ.”

ಬೈಂಡರನಿಗೆ ಆಗಷ್ಟೇ, ನಿಧಾನವಾಗಿ, ವಿಷಯ ತಲೆಗೆ ಹತ್ತುತ್ತಿತ್ತು. “ಅಂದ್ರೆ ಸಾರ್, ನಂಗೆ ಡ್ರೈವಿಂಗ್ ಬರಲ್ಲ ಅಂತ ನಿಲ್ಲಿಸಿದ್ದಲ್ವಾ?”

“ಅಲ್ಲಪ್ಪ.”

“ಸೇತುವೆಯಿಂದ ಬೀಳಿಸಿದ್ದಕ್ಕೂ ಅಲ್ಲ?”

“ಅಲ್ಲ.”

“ಹಾಗಾದ್ರೆ ನಾನು ತಪ್ಪೇ ಮಾಡಿಲ್ಲ.” ಬೈಂಡರ್ ನೆಲದ ಮೇಲೆ ಕೂತ. “ಸಾರ್, ನಾನು ಹೊಲಿದ ಪುಸ್ತಕ ಒಬ್ರು ಕೊಂಡು ಮನೆಗೆ ತಗೊಂಡು ಹೋಗ್ತಾರೆ ಅನ್ನಿ. ಹತ್ತು ಪುಟಕ್ಕೊಂದ್ಸಲ ನಾನು ಅವರ ಮನೆ ಬಾಗಿಲು ಬಡಿದು, ‘ನೀವೇನಾ ಓದ್ತಿರೋದು?’ ಅಂತ ಕೇಳಿದ್ರೆ? ಅವರು ಸ್ನಾನಕ್ಕೆ ಹೋಗಿದ್ರು, ಬಾಗಿಲು ತೆಗೀಲಿಲ್ಲ, ಪುಸ್ತಕ ಕಿತ್ಕೊಂಡು ಬಂದೆ ಅಂದ್ರೆ?”

“ಒದೀತಾರೆ” ಅಂದ ಡ್ರೈವರ್. ಈಗ ಅವನ ಮುಖದಲ್ಲಿ ನಗುವಿರಲಿಲ್ಲ.

ಇನ್‌ಸ್ಪೆಕ್ಟರ್ ಡಬ್ಬಿಯ ಹಿಂದಿನ ನಂಬರಿಗೆ ಫೋನ್ ಮಾಡಿಸಿದರು. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ಒಂದು ಯಂತ್ರ ಇಪ್ಪತ್ತು ನಿಮಿಷ ಹೇಳಿತು. ಆಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಿದಳು. ಫೋನನ್ನು ಎಲ್ಲರಿಗೂ ಕೇಳುವಂತೆ ಹೊಲಿಗೆ ಯಂತ್ರದ ಮೇಲಿಟ್ಟರು. ಬೈಂಡರ್ ಎಲ್ಲ ಹೇಳಿದ. ಹೆಣ್ಣುಮಗಳು ಎಲ್ಲ ಕೇಳಿದಳು.

“ನಿಮಗಾದ ಅನಾನುಕೂಲಕ್ಕೆ ವಿಷಾದವಿದೆ ಸಾರ್. ಹೊಸ ಷರತ್ತಿಗೆ ಒಪ್ಪಿಗೆ ಕೊಟ್ಟರೆ ಬಸ್ಸು ಈಗಲೇ ಹೊರಡುತ್ತೆ. ಸ್ಟೇರಿಂಗಿನ ಮೇಲೆ ಹಸಿರು ಗುಂಡಿ ಇದೆಯಲ್ಲ, ಅದನ್ನ ಒತ್ತಿ. ಖಾತೆ ಯಾರ ಹೆಸರಲ್ಲಿದೆ?”

“ಅಮ್ಮನ ಹೆಸರಲ್ಲಿ. ಅವಳಿಗೇ ಅಂತ ತಂದಿದ್ದು.”

“ಹಾಗಾದರೆ ಅವರೇ ಒತ್ತಬೇಕು ಸಾರ್. ಬೇರೆಯವರು ಒತ್ತಿದ್ರೆ ಖಾತೆ ಮುಚ್ಚಿಹೋಗುತ್ತೆ.”

ಬೈಂಡರ್ ಸ್ಟೇರಿಂಗಿನ ತಿರುಪು ಬಿಚ್ಚಿ, ಅದನ್ನು ತಾಯಿಯ ತೊಡೆಯ ಮೇಲಿಟ್ಟ. ಅಜ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಸಣ್ಣ ಅಕ್ಷರದ ಹಿಂದೆ, ಮಸುಕಾಗಿ, ಬಸ್ಸು ಕಾಣುತ್ತಿತ್ತು. ಅದರ ಮುಂದಿನ ಗಾಜಿನಾಚೆ ಸೇತುವೆಯ ಕಬ್ಬಿಣ.

“ಒತ್ತಿಬಿಡಿ ಅಜ್ಜಿ” ಅಂದ ಡ್ರೈವರ್. “ನಾವೆಲ್ಲ ದಿನಾ ಒತ್ತೋದೇ. ಫೋನಲ್ಲಿ ಬೆಳಿಗ್ಗೆಯಿಂದ ನಾನು ನಾಲ್ಕು ಸಲ ಒತ್ತಿದೀನಿ. ಏನು ಅಂತ ಯಾರು ನೋಡ್ತಾರೆ?”

“ಒತ್ತಿ ಅತ್ತೆ” ಅಂದಳು ಸೊಸೆ. “ವಾರದಿಂದ ಮುಖ ಬಾಡಿಸ್ಕೊಂಡು ಕೂತಿದೀರಿ. ಇವತ್ತೇ ಸಮುದ್ರ ನೋಡ್ಬಹುದು.”

“ಅಮ್ಮಾ, ಹಸಿರದು. ಬಲಗಡೆ” ಅಂದ ಬೈಂಡರ್.

ಇನ್‌ಸ್ಪೆಕ್ಟರ್ ಫೈಲನ್ನು ಮೊಣಕಾಲ ಮೇಲಿಟ್ಟುಕೊಂಡು ಅಜ್ಜಿಯ ಕೈಯನ್ನೇ ನೋಡುತ್ತಿದ್ದರು.

ಅಜ್ಜಿ ಫೋನಿನ ಕಡೆಗೆ ಬಾಗಿದಳು. “ಹಸಿರು ಒತ್ತಿದ್ರೆ ಏನಂತ ಅರ್ಥಾನಮ್ಮ?”

“ಬಸ್ಸು ಕಂಪನಿಯದು ಅಂತ ನೀವು ಒಪ್ಪಿದ ಹಾಗೆ ಅಮ್ಮ.”

“ಒಪ್ಪಲ್ಲ ಅಂದ್ರೆ?”

“ಕೆಂಪು ಗುಂಡಿ ಒತ್ತಿ. ಬಸ್ಸು ಬಿಟ್ಟುಕೊಟ್ರಿ ಅಂತ ಆಗುತ್ತೆ. ಡಿಸ್ಕು ಕೆಲಸ ಮಾಡಲ್ಲ.”

“ಹಸಿರು ಒತ್ತಿದ್ರೂ ಬಸ್ಸು ನಿಮ್ಮದು. ಕೆಂಪು ಒತ್ತಿದ್ರೂ ನಿಮ್ಮದು.” ಅಜ್ಜಿ ಶಾಲು ಸರಿಮಾಡಿಕೊಂಡಳು. “ಫ್ಯಾಕ್ಟರಿ ಬಾಗಿಲು ಹಾಕೋ ದಿನಾನೂ ಹೀಗೇ ಒಂದು ಕಾಗದ ತಂದಿದ್ರು. ಓದೋಕೆ ಟೈಮಿಲ್ಲ, ಲಾರಿ ಕಾಯ್ತಿದೆ, ಸುಮ್ನೆ ಒತ್ತಮ್ಮ ಅಂದ್ರು. ನಾವು ಅರವತ್ತು ಜನಾನೂ ಸಾಲಾಗಿ ನಿಂತು ಹೆಬ್ಬೆಟ್ಟು ಒತ್ತಿದ್ವಿ. ಆಮೇಲೆ ಗೊತ್ತಾಯ್ತು, ನಾವಾಗೇ ಕೆಲಸ ಬಿಟ್ವಿ ಅಂತ ಅದರಲ್ಲಿ ಬರೆದಿತ್ತು.”

ಫೋನಿನ ಆ ಕಡೆ ಯಾರೋ ಕುರ್ಚಿ ಸರಿಸಿದ ಸದ್ದು.

“ನೀನು ಕೆಲಸಕ್ಕೆ ಬಸ್ಸಲ್ಲೇ ಹೋಗ್ತೀಯಾ?” ಎಂದು ಅಜ್ಜಿ ಕೇಳಿದಳು.

“ಹೌದಮ್ಮ.”

“ಸೀಟು ಸಿಗುತ್ತಾ?”

“ಒಂದೊಂದ್ಸಲ.”

“ಸಿಕ್ಕಿದ ದಿನ, ಹತ್ತು ನಿಮಿಷಕ್ಕೊಂದ್ಸಲ ಒಬ್ಬ ಬಂದು, ಏಳು, ಇದು ನಿಂದಾ ಅಂತ ಕೇಳಿದ್ರೆ ಏನ್ಮಾಡ್ತೀಯ?”

ಫೋನಿನ ಹೆಣ್ಣುಮಗಳ ಮುಂದಿದ್ದ ಹಾಳೆಯಲ್ಲಿ ಈ ಪ್ರಶ್ನೆಗೆ ಉತ್ತರ ಬರೆದಿರಲಿಲ್ಲ. ದನಿ ತಗ್ಗಿಸಿ ಅಂದಳು: “ಅಮ್ಮ, ಎರಡರಲ್ಲಿ ಒಂದು ಒತ್ತಲೇಬೇಕು. ನೀವು ಒತ್ತೋವರೆಗೂ ನಾನು ಫೋನ್ ಇಡೋ ಹಾಗಿಲ್ಲ.”

ಅಜ್ಜಿ ಸ್ಟೇರಿಂಗನ್ನು ತೊಡೆಯ ಮೇಲೆ ಮಗುಚಿ, ಗುಂಡಿಗಳು ಕೆಳಗಾಗುವಂತೆ ಇಟ್ಟುಕೊಂಡಳು. ಅದರ ಮೇಲೆ ಎರಡೂ ಕೈ ಇಟ್ಟಳು.

“ಹಾಗಾದ್ರೆ ಇಬ್ರೂ ಕೂತಿರೋಣ ಬಿಡಮ್ಮ. ನಾನು ಒತ್ತಲ್ಲ.”